ತುಂಬಿಕೊಳ್ಳಲು ಜಾಗವಿಲ್ಲದ ಹೃದಯ

ಆಸ್ಪತ್ರೆಯಲ್ಲಿ ಎಲ್ಲರೂ ಆಕೆಯನ್ನು ಲಬ್‌ಡಬ್ ಅಕ್ಕ ಎಂದೇ ಕರೆಯುತ್ತಿದ್ದರು. ಹೃದಯದ ಸ್ಕ್ಯಾನ್ ಮಾಡುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕತ್ತಲೆ ಕೋಣೆ, ಅದೇ ಕಿರಿದಾದ ಮಂಚ. ರೋಗಿಯ ಎದೆಗೆ ಯಂತ್ರದ ಹಿಡಿಯನ್ನು ಒತ್ತಿ ಒತ್ತಿ ಬಲಭುಜ ಸವೆದುಹೋಗಿತ್ತು. ಹೆದರಿದವರು ಮೈ ಬಿಗಿಹಿಡಿದರೆ ಚಿತ್ರ ಸರಿಯಾಗಿ ಬರುವುದಿಲ್ಲ. ಅದಕ್ಕೇ ಪರದೆಯಲ್ಲಿ ಅವರ ಹೃದಯವನ್ನೇ ಅವರಿಗೆ ತೋರಿಸಿ ಮಾತಿಗೆಳೆಯುತ್ತಿದ್ದಳು. ಆದರೆ ಏನು ಕಾಯಿಲೆ ಎಂದು ಮಾತ್ರ ಬಾಯಿ ಬಿಡುವ ಹಾಗಿರಲಿಲ್ಲ. ಅದು ಡಾಕ್ಟರಿಗೆ ಬಿಟ್ಟದ್ದು.

ಅಂದು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಒಳಗೆ ಬಂದವನು ಅವಳ ಬೀದಿಯ ಟೈಲರ್. ಅವಳ ಶಾಲೆಯ ಲಂಗವನ್ನೂ ಅವಳ ಮಗಳ ಶಾಲೆಯ ಲಂಗವನ್ನೂ ಹೊಲಿದವನು. ಹತ್ತು ದಿನದಿಂದ ಏದುಸಿರು. ಗ್ಯಾಸ್ ಎಂದು ತಾನೇ ತೀರ್ಮಾನಿಸಿ ಸುಮ್ಮನಿದ್ದವನನ್ನು ಹೆಂಡತಿ ಹಠ ಹಿಡಿದು ಎಳೆತಂದಿದ್ದಳು.

"ಅಳತೆ ಸರಿಯಾಗಿ ತಗೊಳ್ಳಮ್ಮ, ಆಮೇಲೆ ಉದ್ದ ಆಯ್ತು, ಗಿಡ್ಡ ಆಯ್ತು ಅನ್ಬೇಡ," ಎಂದ. ಅಷ್ಟು ಹೇಳುವುದರಲ್ಲಿ ಎರಡು ಸಲ ಉಸಿರೆಳೆದುಕೊಂಡ.

"ಸುಮ್ನೆ ಮಲಗಿ ಮಾವ. ಇಲ್ನೋಡಿ, ಮೇಲೆ ಎರಡು ಕೋಣೆ, ಕೆಳಗೆ ಎರಡು. ಮೈಯೆಲ್ಲ ಸುತ್ತಿದ ರಕ್ತ ಬಲಗಡೆ ಮೇಲಿನ ಕೋಣೆಗೆ ಬರುತ್ತೆ, ಶ್ವಾಸಕೋಶದಿಂದ ಬಂದದ್ದು ಎಡಗಡೆಗೆ. ನಡುವಿನ ಬಾಗಿಲು ತೆರೆದು ಎರಡೂ ಕೆಳಗಿಳಿಯುತ್ತೆ. ಕೆಳಗಿನ ಕೋಣೆ ತುಂಬಿತು ಅಂದ್ರೆ ಗಟ್ಟಿಯಾಗಿ ಹಿಂಡುತ್ತೆ. ನಡುವಿನ ಬಾಗಿಲು ಪಟ್ಟಂತ ಮುಚ್ಚುತ್ತೆ, ಅದು ಲಬ್. ಹೊರಬಾಗಿಲು ತೆರೆದು ಬಲಗಡೆಯದು ಶ್ವಾಸಕೋಶಕ್ಕೆ, ಎಡಗಡೆಯದು ಇಡೀ ಮೈಗೆ ಹೋಗುತ್ತೆ. ಹಿಂಡಿ ಸಡಿಲ ಆದಾಗ ಹೊರಬಾಗಿಲು ಮುಚ್ಚುತ್ತೆ, ಅದು ಡಬ್. ಆಮೇಲೆ ಮತ್ತೆ ತುಂಬಿಕೊಂಡು..."

ಮಾತು ಅಲ್ಲೇ ನಿಂತಿತು. ಹೃದಯದ ಸುತ್ತ ಕಪ್ಪು ಪಟ್ಟಿಯೊಂದು ಕಾಣಿಸುತ್ತಿತ್ತು. ಹೃದಯವನ್ನು ಸುತ್ತಿದ ಚೀಲದೊಳಗೆ ನೀರು ತುಂಬಿತ್ತು. ಅದರ ಒತ್ತಡಕ್ಕೆ, ರಕ್ತ ತುಂಬಿಕೊಂಡು ಉಬ್ಬಬೇಕಾದ ಹೊತ್ತಿಗೇ ಬಲಗಡೆಯ ಕೆಳಕೋಣೆ ಒಳಕ್ಕೆ ಕುಸಿಯುತ್ತಿತ್ತು. ಹಿಂಡುವ ಶಕ್ತಿಗೇನೂ ಕೊರತೆಯಿರಲಿಲ್ಲ. ಹಿಂಡಲು ಒಳಗೆ ರಕ್ತವೇ ಸಾಲದು.

"ಯಾಕಮ್ಮ, ನಿಲ್ಲಿಸಿಬಿಟ್ಟೆ?"

"ಗಂಟಲು ಒಣಗ್ತು ಮಾವ." ಅವಳು ಮಂಚದ ತಲೆಭಾಗ ಎತ್ತಿದಳು, ಗುಂಡಿ ಒತ್ತಿ ನರ್ಸನ್ನು ಕರೆದಳು. ಬಿ.ಪಿ. ಎಂಬತ್ತಕ್ಕೆ ಇಳಿದಿತ್ತು. ಅವನ ಕತ್ತಿನ ನರಗಳು ಹಗ್ಗದಂತೆ ಉಬ್ಬಿದ್ದವು.

ದೊಡ್ಡ ಡಾಕ್ಟರು ಮೇಲಿನ ಮಹಡಿಯಲ್ಲಿ ಇನ್ನೊಬ್ಬ ರೋಗಿಯ ಬಳಿ ಇದ್ದರು. ಫೋನೆತ್ತಿದವರು ಅವರ ಕೈಕೆಳಗಿನ ಡಾಕ್ಟರು.

"ರಿಪೋರ್ಟ್ ಬರೆದು ಕಳಿಸಿ, ಮಧ್ಯಾಹ್ನ ನೋಡೋಣ."

"ಬರೆಯೋಷ್ಟು ಹೊತ್ತಿಲ್ಲ ಸರ್."

"ಅದನ್ನ ಹೇಳೋದಕ್ಕೆ ನೀವ್ಯಾರು?"

ಅವಳ ಕಿವಿ ಬಿಸಿಯಾಯಿತು. "ಸ್ಕ್ಯಾನ್ ಮಾಡೋಳು. ಹೃದಯ ತುಂಬ್ತಾ ಇಲ್ಲ ಸರ್, ಕಣ್ಣಾರೆ ನೋಡ್ತಿದೀನಿ. ಫೋನ್ ದೊಡ್ಡವರ ಕಿವಿಗೆ ಹಿಡೀರಿ. ತಪ್ಪಾದ್ರೆ ನಾಳೆಯಿಂದ ನಾನು ಕೆಲಸಕ್ಕೆ ಬರಲ್ಲ."

ಆ ಡಾಕ್ಟರು ಫೋನನ್ನು ದೊಡ್ಡವರ ಕೈಗೆ ಕೊಟ್ಟರು. ಟೈಲರನ ತುಟಿ ನೀಲಿಗಟ್ಟುತ್ತಿತ್ತು, ತಮಾಷೆ ನಿಂತುಹೋಗಿತ್ತು. ನಾಲ್ಕೇ ನಿಮಿಷದಲ್ಲಿ ದೊಡ್ಡ ಡಾಕ್ಟರು ಮೆಟ್ಟಿಲಿಳಿದು ಓಡಿಬಂದರು. ಪರದೆಯತ್ತ ಒಮ್ಮೆ ನೋಡಿದ್ದೇ ತಡ, "ಸೂಜಿ ಕೊಡಿ," ಎಂದರು.

ಎದೆಮೂಳೆಯ ಕೆಳಗೆ ಚರ್ಮ ಮರಗಟ್ಟಿಸಿ ಉದ್ದನೆಯ ಸೂಜಿ ಇಳಿಸಿದರು. ಅವಳು ಹಿಡಿಯನ್ನು ಒತ್ತಿಹಿಡಿದು ದಾರಿ ತೋರಿಸಬೇಕಿತ್ತು. ಕೂದಲೆಳೆಯಷ್ಟು ಹೆಚ್ಚು ಹೋದರೂ ಸೂಜಿ ಹೃದಯಕ್ಕೇ ತಗಲುತ್ತದೆ.

"ಸ್ವಲ್ಪ ಎಡಕ್ಕೆ ಸರ್. ಇನ್ನೂ ಸ್ವಲ್ಪ. ನಿಲ್ಲಿ!"

ಸಿರಿಂಜಿಗೆ ಹಳದಿ ನೀರು ಏರಿತು. ಇಪ್ಪತ್ತು, ಐವತ್ತು, ತೊಂಬತ್ತು ಮಿಲಿ. ಪರದೆಯಲ್ಲಿ ಕುಸಿದಿದ್ದ ಗೋಡೆ ನಡುಗಿ ಹೊರಕ್ಕೆ ಸರಿಯಿತು. ಮುಂದಿನ ಬಡಿತಕ್ಕೆ ಕೋಣೆ ಪೂರ್ತಿ ತೆರೆಯಿತು, ತುಂಬಿತು, ಹಿಂಡಿತು.

"ಬಿ.ಪಿ. ನೂರಾ ಹತ್ತು," ಎಂದಳು ನರ್ಸು.

ಟೈಲರ್ ದೀರ್ಘವಾಗಿ ಉಸಿರೆಳೆದ. "ಅಯ್ಯೋ, ಎದೆ ಮೇಲೆ ಕೂತಿದ್ದೋರು ಎದ್ದುಹೋದ್ರು ಕಣಮ್ಮ."

ಆ ನೀರಿಗೆ ಕ್ಷಯ ಕಾರಣವೆಂದು ಆಮೇಲೆ ಗೊತ್ತಾಯಿತು. ಆರು ತಿಂಗಳು ಮಾತ್ರೆ ನುಂಗಿ ಅವನು ಗುಣವಾದ. ಅಂದು ಲಬ್‌ಡಬ್ ಅಕ್ಕ ಸವೆದ ಭುಜ ನೀವಿಕೊಂಡು ಒಂದು ಲೋಟ ನೀರು ಕುಡಿದಳು. ಕಾಲುಗಂಟೆ ಬಿಡುವು ಕೊಡಿ ಎಂದು ಹೊರಗೆ ಕಾದಿದ್ದವರನ್ನು ಕೇಳಿದಳು.

"ಯಾಕೆ, ನಮಗೇನು ಹೃದಯ ಇಲ್ವಾ?" ಎಂದು ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಗೊಣಗಿದಳು.

ಅಕ್ಕನಿಗೆ ನಗು ಬಂತು. "ಬನ್ನಿ ಅಜ್ಜಿ, ನೋಡೇಬಿಡೋಣ," ಎನ್ನುತ್ತ ಬಾಗಿಲು ತೆರೆದಳು.