ಬಚ್ಚಲ ಬಾಗಿಲಿನ ಟಿಕಳಿ

ಕನ್ನಡಿಗೆ ಅಂಟಿಕೊಂಡ ಟಿಕಳಿಯಷ್ಟು ನಿರುಪದ್ರವಿ ವಸ್ತು ಮನೆಯಲ್ಲಿ ಇನ್ನೊಂದಿರಲಾರದು. ಸ್ನಾನಕ್ಕೆ ಹೋದಾಗ ಹಣೆಯಿಂದ ಬಚ್ಚಲ ಕನ್ನಡಿಗೆ, ಮಿಂದ ಮೇಲೆ ಕನ್ನಡಿಯಿಂದ ಹಣೆಗೆ: ಖಾನಾಪುರದ ನಮ್ಮ ಚಿಕ್ಕಮ್ಮ, ಅಂದರೆ ಕಾಕೂ ಅವರ ಟಿಕಳಿಯ ದಿನಚರಿ ಇಷ್ಟೇ. ಬೆಳಗಾವಿಯ ಕಾಲೇಜಿನಲ್ಲಿ ಜೀವರಸಾಯನ ಕಲಿಸುವ ನನಗೆ ಅದೊಂದು ಪುಕ್ಕಟೆ ಉದಾಹರಣೆ. ಜೀವಕೋಶದ ಪ್ರೋಟೀನುಗಳಿಗೂ ಅಸಿಟೈಲ್ ಎಂಬ ಪುಟ್ಟ ಟಿಕಳಿಯನ್ನು ಒಂದು ಕಿಣ್ವ ಹಚ್ಚುತ್ತದೆ, ಇನ್ನೊಂದು ಕೀಳುತ್ತದೆ. ಸಂಕಟಕ್ಕೆ ಸಿಕ್ಕ ಕೋಶ ತನ್ನನ್ನು ದುರಸ್ತಿ ಮಾಡಿಕೊಂಡು ಬದುಕಬೇಕೋ, ಸದ್ದಿಲ್ಲದೆ ಸಾಯಬೇಕೋ ಎಂಬುದು ಈ ಹಚ್ಚುವ ಕೀಳುವ ಕೆಲಸವನ್ನೂ ಅವಲಂಬಿಸಿರುತ್ತದೆ. ಇದನ್ನು ಹೇಳುವಾಗ ಹಿಂದಿನ ಬೆಂಚಿನವರು ಆಕಳಿಸುತ್ತಾರೆ; ಹೋದ ಚಳಿಗಾಲದವರೆಗೆ ನಾನೂ ಒಳಗೊಳಗೇ ಆಕಳಿಸುತ್ತಿದ್ದೆ.

ಕಾಕೂ ಮನೆಯಲ್ಲಿ ಹಿಂದೆ ಹಂಡೆಯ ಒಲೆ ಇತ್ತು. ಉರಿ ಹಾಕುವವರು ಹೊರಗಿನಿಂದ "ನೀರ ಸಾಕಾದುವೇನ್ರಿ?" ಎಂದು ಕೇಳುವುದು ಪದ್ಧತಿ. ಬಚ್ಚಲೊಳಗೇ ಗ್ಯಾಸ್ ಗೀಜರ್ ಬಂದಾಗ ಹಂಡೆ ಅಟ್ಟ ಸೇರಿತು, ಪ್ರಶ್ನೆ ಮಾತ್ರ ಅರ್ಥ ಕಳೆದುಕೊಂಡೂ ಉಳಿಯಿತು. ನಾನು ಹೋದಾಗಲೆಲ್ಲ ಕೇಳುತ್ತೇನೆ. "ಸಾಕಾಗಿಲ್ಲಂದ್ರ ನೀ ಬಂದು ಕಾಸಾಕಿ ಏನವಾ?" ಎಂಬ ಕುಚೋದ್ಯವೇ ಅದಕ್ಕೆ ಒಳಗಿನಿಂದ ಕಾಕೂ ಕೊಡುವ ಉತ್ತರ.

ಹೋದ ಚಳಿಗಾಲದ ಒಂದು ಭಾನುವಾರ ಉತ್ತರ ಬರಲಿಲ್ಲ. ಮತ್ತೆ ಕೇಳಿದೆ. ನೀರು ಸುರಿಯುತ್ತಲೇ ಇತ್ತು. ಅವರ ಗಂಡ ಕಾಕಾ ಮತ್ತು ನಾನು ಚಿಲಕ ಮುರಿದು ನುಗ್ಗಿದರೆ ಕಾಕೂ ಗೋಡೆಗೊರಗಿ ಕುಸಿದಿದ್ದರು. ಚಳಿಗೆಂದು ಬೆಳಕಿಂಡಿಗೆ ಅವರೇ ಹಳೆಯ ಸೀರೆ ತುರುಕಿದ್ದರು. ಗೀಜರಿನ ವಾಸನೆಯಿಲ್ಲದ ವಿಷಗಾಳಿ ರಕ್ತದೊಳಗಿನ ಪ್ರಾಣವಾಯುವಿನ ಜಾಗವನ್ನು ಕಬಳಿಸಿತ್ತು. ಅಂಗಳಕ್ಕೆ ಎಳೆದು ತಂದೆವು. ಆಂಬುಲೆನ್ಸಿನಲ್ಲಿ ಮೂಗಿಗೆ ಆಕ್ಸಿಜನ್ ಇಟ್ಟರು. ಕಿಣ್ವಗಳ ಹೆಸರುಗಳನ್ನೆಲ್ಲ ಬಲ್ಲ ನಾನು ಆ ತಣ್ಣನೆಯ ಕೈ ಹಿಡಿದುಕೊಂಡು, ಒಳಗೆ ಹಚ್ಚುವವರೇ, ಕೀಳುವವರೇ, ಇವತ್ತೊಂದು ದಿನ ಕೈತಪ್ಪಬೇಡಿ ಎಂದು ಬೇಡಿಕೊಳ್ಳುತ್ತಿದ್ದೆ. ಬೆಳಗಾವಿಯ ದಾರಿಯಲ್ಲಿ ಪೀರನವಾಡಿ ದಾಟುವಾಗ ಕಾಕೂ ಕಣ್ಣು ತೆರೆದು ಹಣೆ ಮುಟ್ಟಿಕೊಂಡರು.

"ನನ್ನ ಟಿಕಳಿ ಎಲ್ಲೈತೆವಾ?"

ಈಗ ಗೀಜರ್ ಬಚ್ಚಲಿನ ಹೊರಗಿದೆ, ಬೆಳಕಿಂಡಿ ತೆರೆದಿದೆ, ಕಾಕೂ ಮೊದಲಿನಂತೆಯೇ ಇದ್ದಾರೆ. ನಾನು ಮಾತ್ರ ಪ್ರಯೋಗಾಲಯದ ನಲ್ಲಿ ಸುಮ್ಮನೆ ಸುರಿದರೂ ಎದ್ದು ನಿಲ್ಲುತ್ತೇನೆ. ಇದು ಅವರಿಗೂ ಗೊತ್ತಾಗಿರಬೇಕು. ಮೊನ್ನೆ ಸ್ನಾನಕ್ಕೆ ಹೊರಟವರು ಟಿಕಳಿಯನ್ನು ಒಳಗಿನ ಕನ್ನಡಿಗಲ್ಲ, ಬಾಗಿಲಿನ ಹೊರಮೈಗೆ, ಸರಿಯಾಗಿ ನನ್ನ ಕಣ್ಣಿನ ಎತ್ತರಕ್ಕೆ ಅಂಟಿಸಿ, ಚಿಲಕ ಹಾಕದೆ ಬಾಗಿಲನ್ನು ಸುಮ್ಮನೆ ಎಳೆದುಕೊಂಡರು.

"ನೀರ ಸಾಕಾದುವೇನ್ರಿ?" ಎಂದೆ.

"ಸಾಕಾದುವು. ಆದ್ರೂ ಇನ್ನೊಮ್ಮಿ ಕೇಳವಾ" ಎಂದರು ಒಳಗಿನಿಂದ.

ಕೇಳಿದೆ. ಅವರು ಹೊರಬಂದು, ಟಿಕಳಿಯನ್ನು ಕಿತ್ತು ಹಣೆಗೆ ಹಚ್ಚಿಕೊಂಡ ಮೇಲಷ್ಟೇ ಬಾಗಿಲು ಬಿಟ್ಟು ಸರಿದೆ.