ಕರಿ ಮೂರು ಬಿಟ್ಟಿದ್ದೇನೆ

ಈ ಬೆಳಿಗ್ಗೆ ಹಾರ್ಮೋನಿಯಂ ಪೆಟ್ಟಿಗೆಯೊಂದರ ಮುಚ್ಚಳ ತೆಗೆದಾಗ ಹಳೆಯ ಚರ್ಮದ ಜೊತೆ ಒಣಗಿದ ಬೇವಿನ ಸೊಪ್ಪಿನ ವಾಸನೆ ಎದ್ದಿತು. ಮೂಗಿಗೆ ಗುರುತು ಸಿಕ್ಕಿತು, ಕಣ್ಣಿಗೆ ಸ್ವಲ್ಪ ತಡವಾಯಿತು. ಮೊಳಕಾಲ್ಮೂರಿನಿಂದ ಬಸ್ಸಿನಲ್ಲಿ ಅದನ್ನು ಚಳ್ಳಕೆರೆಯ ನನ್ನ ಅಂಗಡಿಗೆ ಹೊತ್ತು ತಂದ ಹೆಂಗಸು, "ಅತ್ತಿ ಹೋದ್ಮ್ಯಾಲೆ ಸುರುವಾಗೈತ್ರಿ. ಏನೂ ಒತ್ತದಿದ್ರೂ ಕೂಗ್ತೈತೆ. ಭಜನಿಗೆ ಬೇಕು, ಬಾಯಿ ಮುಚ್ಚಿಸಿ ಕೊಡ್ರಿ," ಎಂದು ಹೇಳಿ ಪೇಟೆ ಕಡೆ ಹೋಗಿದ್ದಳು.

ನಾನು ಕ್ರಮದ ಮನುಷ್ಯ. ಮೊದಲು ಕೈ ತೊಳೆಯುವುದು, ಆಮೇಲೆ ಎಡದಿಂದ ಬಲಕ್ಕೆ ಒಂದೊಂದೇ ಕೀ ಒತ್ತಿ ಕೇಳುವುದು, ಆಮೇಲೆ ತಿರುಪುಗಳನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಬಿಚ್ಚಿದ ಕ್ರಮದಲ್ಲೇ ಜೋಡಿಸುವುದು. ನನ್ನ ಊಟದ ತಟ್ಟೆಯಲ್ಲಿ ಉಪ್ಪಿಗೂ ಒಂದು ಗೊತ್ತಾದ ಜಾಗವಿದೆ. ಅದು ತಪ್ಪಿದರೆ ಸಾರು ಸಪ್ಪೆ ಎನಿಸುತ್ತದೆ. ನಗಬೇಡಿ. ಈ ಶಿಸ್ತು ನನಗೆ ಕೆಲಸ ಕಲಿಸಿದ ಮಸ್ತಾನ್ ಸಾಬರದು. ಅವರ ಇನ್ನೊಂದು ಕಟ್ಟಳೆಯೂ ಇತ್ತು: ರಿಪೇರಿ ಮುಗಿದ ಮೇಲೆ, ಮಾಡಿದ್ದೇನು ಎಂದು ಪೆಟ್ಟಿಗೆಯ ಒಳಮೈಗೆ ಪೆನ್ಸಿಲಿನಲ್ಲಿ ಬರೆಯಬೇಕು. ಹಿಂದಿನವನು ಬರೆದದ್ದನ್ನು ಅಳಿಸಬಾರದು, ಹಳಿಯಬಾರದು.

ಇದೇ ಪೆಟ್ಟಿಗೆಯನ್ನು ಈ ಹೆಂಗಸಿನ ಅತ್ತೆ ತಿಪ್ಪಮ್ಮ ಮೊದಲ ಸಲ ತಂದಾಗ ನನಗೆ ಹೊಸದಾಗಿ ಮದುವೆಯಾಗಿತ್ತು, ಬಾಯಿ ಜೋರಿತ್ತು. ಆಕೆಯ ಗಂಡ ರೇಷ್ಮೆ ಸೀರೆ ನೇಯುತ್ತಿದ್ದವರು, ಹಳ್ಳಿಗಳಿಗೆ ಹೋಗಿ ನಾಟಕ ಕಲಿಸುತ್ತಿದ್ದವರು, ಆಗಷ್ಟೇ ತೀರಿಕೊಂಡಿದ್ದರು. ನಾನು ಒಳಗೆ ಇಣುಕಿ, "ಕಾಡುಮರ. ಸ್ವರದ ಪಟ್ಟಿಗಳು ಮೂರು ಬೇರೆ ಬೇರೆ ಪೆಟ್ಟಿಗೆಯಿಂದ ಕಿತ್ತವು. ಒಲಿಗೆ ಹಾಕ್ರಿ," ಎಂದುಬಿಟ್ಟೆ.

ಸಾಬರು ಕನ್ನಡಕ ತೆಗೆದರು. "ಮಾಫ್ ಮಾಡವ್ವ," ಎಂದು ಆಕೆಗೆ ಹೇಳಿ ನನ್ನ ಕಡೆ ತಿರುಗಿದರು. "ಲೇ, ಇದನ್ನ ಮಾಡ್ದೋನ ಕೈಗೆ ಸಿಕ್ಕಿದ್ದೇ ಅಗ್ಗದ ಮರ. ಆದ್ರೂ ಗಾಳಿ ಸೋರದಂಗೆ ಕೂರ್ಸ್ಯಾನೆ. ನಿಂಗೆ ತೇಗ ಕೊಟ್ರೂ ಆಗಾಕಿಲ್ಲ. ಸಲಾಂ ಮಾಡು ಅದಕ್ಕೆ."

ಮಾಡಿದೆ. ಬೇರೆ ದಾರಿ ಇರಲಿಲ್ಲ. ತಿಪ್ಪಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕು, "ತಡಿಯಪ್ಪ, ಅದೂ ವಾಪಸ್ ಮಾಡ್ತೈತೆ," ಎಂದು ತಿದಿ ಒತ್ತಿದರು. ಯಾರ ಬೆರಳೂ ಕೀಗಳ ಮೇಲಿರಲಿಲ್ಲ. ಪೆಟ್ಟಿಗೆ ತಗ್ಗಿದ ದನಿಯಲ್ಲಿ ಗುಂಯ್‌ಗುಟ್ಟಿತು: ಮೂರನೆಯ ಕರಿಕೀಯ ಸ್ವರ, ನಾವು ಕರಿ ಮೂರು ಎನ್ನುವುದು. ನನ್ನ ಕೈ ಇನ್ನೂ ಹಣೆಯ ಹತ್ತಿರವೇ ಇತ್ತು.

"ನಮ್ಮನೆಯೋರು ಹಾಡೋ ಸ್ವರ," ಎಂದರು ತಿಪ್ಪಮ್ಮ. "ತಿದಿ ಹೊಲೀರಿ ಸಾಕು. ಅದರ ತಂಟೆಗೆ ಹೋಗಬ್ಯಾಡ್ರಿ."

ಸಾಬರು ತಿದಿ ಹೊಲಿದು, ಒಳಗೆ ಬರೆದರು: ತಿದಿ ಸರಿ ಮಾಡಿದೆ. ಕರಿ ಮೂರು ಬಿಟ್ಟಿದ್ದೇನೆ.

ಸಾಬರು ತೀರಿಹೋದ ಮೇಲೆ ತಿಪ್ಪಮ್ಮ ಮತ್ತೊಮ್ಮೆ ತಿದಿಗೆಂದೇ ಬಂದರು. ಮೊದಲಿನ ಮಾತನ್ನೇ ಹೇಳಿ, ಪೆಟ್ಟಿಗೆ ಇಟ್ಟುಹೋದರು. ಒಳಗಿನ ಆ ಸಾಲು ಓದಿದಾಗ ನನಗೆ ಮೂಡಿದ್ದು ಭಕ್ತಿಯಲ್ಲ, ಜಂಬ. ಗುರುವಿಗೆ ಆಗದಿದ್ದದ್ದು ನನಗೆ ಆಗುತ್ತದೆ ಎಂದುಕೊಂಡೆ. ಆ ಕೀಯ ಕೆಳಗೆ ಗಾಳಿ ತಡೆಯುವ ಮುಚ್ಚಳಕ್ಕೆ ಹೊಸ ಚರ್ಮ ಅಂಟಿಸಿದೆ, ಬಿಗಿಯಾದ ಸ್ಪ್ರಿಂಗ್ ಹಾಕಿದೆ, ಕೆಳಗೆ 'ಎಲ್ಲಾ ಸರಿ' ಎಂದು ದಪ್ಪಗೆ ಬರೆದೆ.

ತಿಪ್ಪಮ್ಮ ಬಂದು ತಿದಿ ಒತ್ತಿದರು. ಬರೀ ಗಾಳಿ. ಮತ್ತೊಮ್ಮೆ ಒತ್ತಿ, ಪೆಟ್ಟಿಗೆಗೆ ಕಿವಿ ಹಚ್ಚಿದರು. ಬೈಯಲಿಲ್ಲ. ನನ್ನನ್ನು ನೋಡಿ, ಚಿಕ್ಕ ಹುಡುಗಿಯ ದನಿಯಲ್ಲಿ ಕೇಳಿದರು: "ಎಲ್ಲೋದ್ರು?"

ನಾನು ಸರಿ ಮಾಡಿದ ಪೆಟ್ಟಿಗೆಗಳೆಷ್ಟೋ. ಮಲಗುವಾಗ ನೆನಪಾಗುವುದು ಈ ಒಂದು ಪ್ರಶ್ನೆ ಮಾತ್ರ.

ಇಂದು ಬಟ್ಟೆ ಹಾಸಿ, ತಿರುಪು ಬಿಚ್ಚಿ ಜೋಡಿಸಿ, ತಿದಿ ಒತ್ತಿದೆ. ಕರಿ ಮೂರು ನುಡಿಯಿತು. ಅದರ ಮೇಲೆ ಇನ್ನೊಂದು, ತೆಳುವಾಗಿ, ಎತ್ತರದ ಕರಿ ಒಂದು. ಮೊದಲನೆಯದು ಷಡ್ಜವಾದರೆ ಇದು ಪಂಚಮ. ಹಾಡುವವರ ಹಿಂದೆ ತಂಬೂರಿ ಹಿಡಿದುಕೊಡುವ ಜೋಡಿ. ಚರ್ಮ ಒಣಗಿರಬೇಕು ಎಂದುಕೊಂಡು ನೋಡಿದೆ. ನಾನು ಅಂಟಿಸಿದ್ದು ಹಾಗೆಯೇ ಇತ್ತು. ಎರಡೂ ಮುಚ್ಚಳಗಳ ಕೆಳಗೆ ಕಾಗದದ ಚೂರು ಸಿಕ್ಕಿಸಿ ಎಳೆದೆ. ಸಡಿಲವಿದ್ದರೆ ಜಾರಿ ಬರಬೇಕು. ಎರಡು ಕಡೆಯೂ ಕಾಗದ ಹರಿಯಿತು. ಸೋರಲು ಜಾಗವೇ ಇಲ್ಲ. ಮತ್ತೆ ಒತ್ತಿ ಕೈಬಿಟ್ಟೆ. ತಿದಿ ಪೂರ್ತಿ ಮಡಚಿ ಕುಳಿತ ಮೇಲೂ ಎರಡು ಸ್ವರಗಳು ಸ್ವಲ್ಪ ಹೊತ್ತು ಉಳಿದವು, ಒಬ್ಬರು ಮುಗಿಸಲೆಂದು ಇನ್ನೊಬ್ಬರು ಕಾಯುತ್ತಿದ್ದಂತೆ. ಮಟಮಟ ಮಧ್ಯಾಹ್ನ, ಹೊರಗೆ ಬಸ್ಸಿನ ಹಾರನ್.

ಸೊಸೆ ವಾಪಸಾದಳು. "ಸರಿಯಾತೇನ್ರಿ?"

"ಇಲ್ಲವ್ವ. ಇದು ನಂಗೆ ಬರೋ ಕೆಲಸ ಅಲ್ಲ."

ಈ ಅಂಗಡಿಯಲ್ಲಿ ನಾನು ಆ ಮಾತು ಆಡಿದ್ದು ಅದೇ ಮೊದಲು. ಆಕೆ ಕಣ್ಣರಳಿಸಿದಳು. "ನಿಮಗೇ ಬರಲ್ಲ ಅಂದ್ರೆ? ಭಜನಿಗೆ ಏನ್ ಮಾಡ್ಲಿ?"

"ಕರಿ ಮೂರಕ್ಕೇ ಹಾಡ್ರಿ. ಶ್ರುತಿ ತಾನೇ ಹಿಡ್ಕೊಡ್ತೈತೆ."

ಪೆನ್ಸಿಲ್ ಚೂಪು ಮಾಡಿದೆ. ನನ್ನ 'ಎಲ್ಲಾ ಸರಿ'ಯನ್ನು ಅಳಿಸುವ ಆಸೆಯಾಯಿತು. ಕಟ್ಟಳೆ ಕಟ್ಟಳೆಯೇ, ಅಳಿಸಲಿಲ್ಲ. ಅದರ ಕೆಳಗೆ ಬರೆದೆ: ಕರಿ ಮೂರು ಬಿಟ್ಟಿದ್ದೇನೆ. ಮೇಲಿನ ಕರಿ ಒಂದನ್ನೂ.

ತಿರುಪುಗಳನ್ನು ಕ್ರಮವಾಗಿ ಹಾಕಿ, ತಿದಿಗೆ ಕೊಕ್ಕೆ ಬಿಗಿದು, ಸೊಸೆ ನೋಡುತ್ತಿದ್ದಂತೆಯೇ ಹಣೆಗೆ ಕೈ ಎತ್ತಿ ಆ ಕಾಡುಮರದ ಪೆಟ್ಟಿಗೆಗೆ ಸಲಾಂ ಮಾಡಿದೆ. ಕೊಕ್ಕೆ ಹಾಕಿದ ಪೆಟ್ಟಿಗೆ ನುಡಿಯುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಕೈ ಇಳಿಸದೆ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತೆ.