ಒದ್ದೆ ಗೋಡೆಗೆ ಯಾರ ಅಂಗಿ?

ನಮ್ಮತ್ತಿಗೆ ಇಸ್ತ್ರಿ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅವಳ ಅಂಗಡಿ. ಬೀದಿ ಕಡೆ ಮೇಜು, ಅದರ ಮೇಲೆ ಮಡಚಿದ ಕಂಬಳಿ, ಎಡಗಡೆ ಗೋಡೆಯುದ್ದಕ್ಕೂ ಮೊಳೆಗಳು. ಇಸ್ತ್ರಿಯಾದ ಅಂಗಿಗಳು ಆ ಮೊಳೆಗಳಲ್ಲಿ ತೂಗುತ್ತಿದ್ದವು. ಅಣ್ಣ ಸೈಕಲ್ಲಿನಲ್ಲಿ ಮನೆಮನೆಗೆ ಮುಟ್ಟಿಸುತ್ತಿದ್ದ. ನನ್ನ ಊಟವೂ ಸೇರಿ ಎಲ್ಲರ ಊಟ ಆ ಕೋಣೆಯಿಂದಲೇ ಬರಬೇಕಿತ್ತು.

ಆ ಗೋಡೆಯ ಆಚೆ ಬೀಗ ಹಾಕಿದ ಮನೆ. ಎರಡಕ್ಕೂ ಒಂದೇ ಗೋಡೆ. ಅದರ ಯಜಮಾನರು ಮುಂದಿನ ಬೀದಿಯಲ್ಲಿ ಹೊಸ ಮನೆ ಕಟ್ಟಿಕೊಂಡು ಇದನ್ನು ಮರೆತೇಬಿಟ್ಟಿದ್ದರು. ತಾರಸಿಯಲ್ಲಿ ಎಲೆ ಕೊಳೆತು ಕೊಳವೆ ಕಟ್ಟಿಕೊಂಡಿತ್ತು, ಬಿರುಕಿನಲ್ಲಿ ಆಳೆತ್ತರದ ಗಿಡ ಬೆಳೆದಿತ್ತು. ಮಳೆ ಬಂದರೆ ನೀರೆಲ್ಲ ನಮ್ಮ ಗೋಡೆಯೊಳಗೆ! ಬಟ್ಟೆಗೆ ಮುಗ್ಗಲು ವಾಸನೆ ಹಿಡಿಯಿತು. ಡಾಕ್ಟರಮ್ಮ ಬಿಳಿ ಕೋಟನ್ನು ವಾಪಸ್ ಕಳಿಸಿದರು, ಎದುರುಮನೆ ಮೇಷ್ಟ್ರು ಬೇರೆ ಅಂಗಡಿ ಹಿಡಿದರು. ಹೀಗೇ ಹೋದರೆ ನಮ್ಮ ಒಲೆ ಆರುತ್ತದೆಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಅಣ್ಣ ಹೋಗಿ ಕೇಳಿದಾಗಲೆಲ್ಲ ಯಜಮಾನರದು ಒಂದೇ ಮಾತು, "ನೋಡೋಣ." ನಾವು ಅವರಿಗೆ ನೋಡೋಣ ಸಾಹೇಬರು ಎಂದೇ ಹೆಸರಿಟ್ಟೆವು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ದೊಡ್ಡೋರ ಹತ್ರ ಜಗಳ ಬೇಡ ಕಣೇ. ಮಾತು ಮನೆ ಕೆಡಿಸ್ತು, ತೂತು ಒಲೆ ಕೆಡಿಸ್ತು," ಎಂದ ಅಣ್ಣ.

"ನೀರು ಗೋಡೆ ಕೆಡಿಸ್ತು. ಅದನ್ನೂ ಸೇರಿಸ್ಕೊಳ್ರೀ," ಎಂದಳು ಅತ್ತಿಗೆ.

ತಮಾಷೆಯೆಂದರೆ ಸಾಹೇಬರ ಬಟ್ಟೆ ಬರುತ್ತಿದ್ದದ್ದೂ ನಮ್ಮಲ್ಲಿಗೇ. ಅತ್ತಿಗೆಯ ಹಾಗೆ ಕಾಲರ್ ಕೂರಿಸುವವರು ಸುತ್ತಮುತ್ತ ಇರಲಿಲ್ಲ. ಒಂದು ದಿನ ಅವರೇ ಬಿಳಿ ಅಂಗಿಗಳ ಗಂಟು ತಂದರು.

"ಗೋಡೆ ನೋಡಿ ಸಾರ್."

"ನೋಡೋಣಮ್ಮ."

"ಹಾಗಾದ್ರೆ ಇನ್ಮೇಲೆ ಈ ಗೋಡೆಗೆ ನಿಮ್ಮನೆ ಬಟ್ಟೆ ಮಾತ್ರ ಹಾಕ್ತೀನಿ. ಈಗ್ಲೇ ಹೇಳಿದೀನಿ, ಆಮೇಲೆ ಬೈಬಾರ್ದು."

ಅವರು ಜೋರಾಗಿ ನಕ್ಕರು. "ಹಾಕ್ಕೊಳಮ್ಮ, ನಂದೇನಿದೆ!"

ಅತ್ತಿಗೆ ಬಲಗಡೆ ಹಗ್ಗ ಕಟ್ಟಿ ಮಿಕ್ಕವರ ಬಟ್ಟೆಯನ್ನೆಲ್ಲ ಅತ್ತ ಸಾಗಿಸಿದಳು. ಸಾಹೇಬರ ಅಂಗಿಗಳು ಮಾತ್ರ ಒದ್ದೆ ಗೋಡೆಗೆ ಬೆನ್ನು ಕೊಟ್ಟು ನಿಂತವು. "ಇರೋ ಗಿರಾಕೀನೂ ಕಳೀತೀಯ," ಎಂದು ಅಣ್ಣ ಒದ್ದಾಡಿದ. ಮಳೆ ಎಡೆಬಿಡದೆ ಸುರಿಯಿತು. ಅತ್ತಿಗೆ ಎಂದಿನಂತೆ ಮುಂಭಾಗ ಮೇಲೆ ಬರುವಂತೆ ಮಡಚಿ ಕಳಿಸಿದಳು.

ಮುಂದಿನ ವಾರ ಸಾಹೇಬರು ಅಂಗಿ ಹಿಡಿದುಕೊಂಡು ಬಾಗಿಲಿಗೇ ಬಂದರು. ಬೆನ್ನ ತುಂಬ ಕಂದು ಕಲೆ. ಅವಸರದಲ್ಲಿ ಹಾಗೇ ಹಾಕಿಕೊಂಡು ಹೋಗಿದ್ದರಂತೆ.

"ಸಭೇಲಿ ಹಿಂದೆ ಕೂತಿದ್ದೋರೆಲ್ಲ ನಕ್ಕಿದ್ದೇ ನಕ್ಕಿದ್ದು! ಏನಮ್ಮ ಇದು?"

ಅಣ್ಣ ಮೆಲ್ಲಗೆ ಒಳಗೆ ಜಾರಿದ. ಅತ್ತಿಗೆ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

"ನಿಮ್ಮ ತಾರಸಿ ನೀರು ಸಾರ್. ಹಾಕ್ಕೊ ಅಂದೋರು ನೀವೇ. ಬನ್ನಿ, ಮುಟ್ಟಿ ನೋಡಿ."

ಅವರು ಅಂಗೈ ಒತ್ತಿದ್ದೇ ತಡ, ಗಾರೆ ಹಿಡಿಯಷ್ಟು ಕಳಚಿ ಅವರ ಚಪ್ಪಲಿಯ ಮೇಲೆ ಬಿತ್ತು. ತನ್ನ ಬುಡಕ್ಕೆ ನೀರು ಬಂದಾಗಲೇ ಮನುಷ್ಯ ಕಣ್ಣು ಬಿಡುವುದು. ಚಪ್ಪಲಿ ಕೊಡವಿಕೊಂಡು ಕೇಳಿದರು, "ಕಲೆ ಹೋಗತ್ತೇನಮ್ಮ?"

"ಅಂಗೀದು ನಾನು ತೆಗೀತೀನಿ. ಗೋಡೇದು ನೀವು ತೆಗೀರಿ."

"ಅಲ್ಲೀತನಕ ನನ್ನ ಬಟ್ಟೆ?"

"ಗೋಡೆ ಒಣಗೋತನಕ ಅಲ್ಲೇ ಸಾರ್."

ಮರುದಿನವೇ ಗಾರೆ ಕೆಲಸದವರು ಬಂದರು. ಸಾಹೇಬರೂ ಪ್ಯಾಂಟು ಮಡಚಿಕೊಂಡು ತಾರಸಿ ಹತ್ತಿದರು. ಗಿಡ ಬೇರುಸಹಿತ ಬಂತು, ಕೊಳವೆ ಬಿಟ್ಟುಕೊಂಡಿತು. ಗೋಡೆಗೆ ಎರಡೂ ಕಡೆ ಹೊಸ ಗಾರೆ, ಎಲ್ಲ ಅವರದೇ ಖರ್ಚಿನಲ್ಲಿ. ಬೀದಿಯವರೆಲ್ಲ ನಿಂತು ನೋಡಿದರು; ನನಗಂತೂ ಕುಣಿಯುವಷ್ಟು ಖುಷಿ.

ಗಾರೆ ಒಣಗಿದ ಮೇಲೆ ಒಂದು ಮಧ್ಯಾಹ್ನ ಜಡಿಮಳೆ ಹಿಡಿಯಿತು. ಅಣ್ಣ ಬೇಡ ಬೇಡವೆಂದರೂ ಅತ್ತಿಗೆ ಅಂದಿನ ಬಟ್ಟೆಯನ್ನೆಲ್ಲ ಎಡಗಡೆಗೇ ನೇತುಹಾಕಿದಳು. ಮಳೆ ನಿಂತಾಗ ನಾನು ಅಂಗಿಗಳ ಹಿಂದೆ ಕೈ ತೂರಿಸಿ ಗೋಡೆ ಸವರಿದೆ. ಒಂದು ಹನಿ ಇಲ್ಲ! ಕಿರುಚಿಕೊಂಡು ಹೋಗಿ ಅತ್ತಿಗೆಯನ್ನು ತಬ್ಬಿಕೊಂಡೆ.

"ಬಿಡೇ ಹುಡುಗಿ, ಕೆಲಸ ಇದೆ," ಎಂದು ಗದರಿದಳು. ಆದರೆ ಹಿಡಿದ ಕೈ ಅವಳೂ ಬಿಡಲಿಲ್ಲ.